ನಾಲ್ಕು ಕಂಪ್ಯೂಟರು, ಇಬ್ಬರು ಬೀಗಿತ್ತಿಯರು

ಹೊಲಿಗೆ ಕಾರ್ಖಾನೆ
ಜನವರಿ ೬

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನಿಮ್ಮ ಮಂಡಿನೋವು ಈಗ ಹೇಗಿದೆ ತಿಳಿಸಿ. ಫೋನು ಇರುವಾಗ ಪತ್ರವೇಕೆ ಎಂದು ಮತ್ತೆ ಕೇಳಬೇಡಿ. ಮಕ್ಕಳ ಮದುವೆಯ ಮಾತುಕತೆಯಲ್ಲಿ ಫೋನಿನಲ್ಲಿ ನೀವು ಹೇಳಿದ್ದು ಒಂದು, ಆಮೇಲೆ ನೆನಪಿಟ್ಟುಕೊಂಡದ್ದು ಇನ್ನೊಂದು. ನಮ್ಮಿಬ್ಬರ ನಡುವೆ ಏನಿದ್ದರೂ ಇನ್ನು ಕಾಗದದ ಮೇಲೆ ಎಂದು ನಾನು ತೀರ್ಮಾನಿಸಿದ್ದು ಅಂದೇ.

ವಿಷಯಕ್ಕೆ ಬರುತ್ತೇನೆ. ಮಗ ಮತ್ತು ಸೊಸೆ ಬರೆಯುತ್ತಿರುವ ಕಟಿಂಗ್ ಪ್ರೋಗ್ರಾಂ ನಿಮ್ಮ ಅಂಗಡಿಯ ಕಂಪ್ಯೂಟರಿಗೂ ಬಂದಿದೆ ಎಂದು ಕೇಳಿದೆ. ಸಂತೋಷ. ಆದರೆ ಅದು ಸುಮ್ಮನೆ ಬರುವ ವಸ್ತುವಲ್ಲ ಎಂದು ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅಳತೆ ಕೊಟ್ಟರೆ ಬಟ್ಟೆಯ ಕಟಿಂಗನ್ನು ತಾನೇ ಹಾಕಿಕೊಡುವುದು ನಮ್ಮ ಮಕ್ಕಳ ಪ್ರೋಗ್ರಾಂ. ಅದು ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ದೊಡ್ಡ ಕಂಪನಿಯೊಂದರ ಡ್ರಾಯಿಂಗ್ ಸಾಫ್ಟ್‌ವೇರ್‌ನ ಬೆನ್ನಿನ ಮೇಲೆ ಕೂತು ನಡೆಯುತ್ತದೆ. ಪ್ರೋಗ್ರಾಂ ಬರೆಯುವವರಿಗೆಂದೇ ಆ ಕಂಪನಿ ಬೇರೆ ಲೈಸೆನ್ಸ್ ಕೊಡುತ್ತದೆ. ಅದನ್ನು ನಾಲ್ಕು ಕಂಪ್ಯೂಟರಿನಲ್ಲಿ ಮಾತ್ರ ಚಾಲೂ ಮಾಡಬಹುದು, ಅವೂ ಬರೆಯಲು, ಪರೀಕ್ಷಿಸಲು ಇಟ್ಟವು. ಐದನೆಯದಕ್ಕೆ ಹಾಕಲು ಹೋದರೆ ಬಾಗಿಲು ತೆರೆಯುವುದಿಲ್ಲ.

ಒಂದರಲ್ಲಿ ಅವರಿಬ್ಬರೂ ಬರೆಯುತ್ತಾರೆ. ಇನ್ನೊಂದು ಅವರ ಮನೆಯಲ್ಲೇ ಇರುವ ಹಳೆಯದು, ಬರೆದದ್ದನ್ನು ಪರೀಕ್ಷಿಸಲು. ಮೂರನೆಯದು ನನ್ನ ಕಾರ್ಖಾನೆಯದು. ಇಷ್ಟು ದಿನ ನಿಜವಾದ ಹೊಲಿಗೆಯ ಜಾಗದಲ್ಲಿದ್ದ ಪರೀಕ್ಷೆಯ ಕಂಪ್ಯೂಟರು ಎಂದರೆ ಇದೊಂದೇ. ನಾಲ್ಕನೆಯ ಜಾಗ ಖಾಲಿ ಇತ್ತು. ಅದು ನಿಮಗೆ ಸಿಕ್ಕಿದೆ.

ಹಾಗಾಗಿ ಕೆಲವು ಮಾತು. ಪರೀಕ್ಷೆಗೆ ಕೊಟ್ಟ ಕಂಪ್ಯೂಟರಿನಲ್ಲಿ ಗಿರಾಕಿಗಳ ಬಟ್ಟೆ ಕತ್ತರಿಸಬಾರದು, ಅದು ಕಂಪನಿಯ ನಿಯಮ. ನಾನು ಈವರೆಗೆ ಒಂದು ಕರವಸ್ತ್ರವನ್ನೂ ಅದರಲ್ಲಿ ಕತ್ತರಿಸಿ ಮಾರಿಲ್ಲ. ಅಂಗಡಿಗೆ ಬಂದವರನ್ನೆಲ್ಲ ಅದರ ಮುಂದೆ ಕೂರಿಸಬೇಡಿ. ಏನಾದರೂ ತಪ್ಪು ಬಂದರೆ ಬರೆದಿಟ್ಟು ಮಕ್ಕಳಿಗೆ ತಿಳಿಸಿ, ನೀವೇ ಸರಿಮಾಡಲು ಹೋಗಬೇಡಿ.

ನಿಮಗೆ ಕಲಿಸಲು ಸೊಸೆ ಒಂದು ಮಧ್ಯಾಹ್ನವಿಡೀ ಫೋನಿನಲ್ಲಿ ಇದ್ದಳಂತೆ. ನನಗೆ ಕಲಿಸುವಾಗ ಚಹಾ ಆರುವುದರೊಳಗೆ ಮುಗಿಸಿದ್ದಳು. ಬೇಗ ಹಿಡಿದುಕೊಂಡೆ, ಅಷ್ಟೆ. ಬೇರೆ ಅರ್ಥವಿಲ್ಲ.

ಇಂತಿ,
ನಿಮ್ಮ ಬೀಗಿತ್ತಿ


ಕೋಟಿನ ಅಂಗಡಿ
ಜನವರಿ ೧೭

ಪ್ರೀತಿಯ ಅಕ್ಕನವರಿಗೆ,

ನಿಮ್ಮ ಪತ್ರ ಬಂತು. ಓದುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ, ಶಾಲೆಯಲ್ಲಿ ಹೆಡ್‌ಮೇಡಂ ಬಂದರೆ ಕೂರುತ್ತಿದ್ದೆವಲ್ಲ ಹಾಗೆ. ನೀವು ಹೇಳಿದ್ದೆಲ್ಲ ಒಪ್ಪಿದೆ. ಗಿರಾಕಿಯ ಬಟ್ಟೆ ಮುಟ್ಟಿಸುವುದಿಲ್ಲ. ಪಕ್ಕದ ಬೂಟಿನ ಅಂಗಡಿಯವರು ಮಾತ್ರ ಒಮ್ಮೆ ನೋಡಿ ಹೋದರು, ಕೈ ಕಟ್ಟಿಕೊಂಡು ನಿಂತಿದ್ದರು, ಆಣೆ.

ಮಂಡಿ ಪರವಾಗಿಲ್ಲ. ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ ಅನ್ನುತ್ತೆ, ಅಷ್ಟೆ.

ಅಕ್ಕಾ, ನಿಮಗೆ ಒಂದು ಸುದ್ದಿ ಹೇಳದೆ ಇರಲಾರೆ. ನನ್ನ ಹತ್ತಿರ ಒಂದು ರಟ್ಟು ಇದೆ, ಕೋಟಿನ ತೋಳು ಹೆಗಲಿಗೆ ಕೂರುವ ಜಾಗದ ತಿರುವು ಬರೆದಿಟ್ಟುಕೊಂಡದ್ದು. ಅಂಚೆಲ್ಲ ಸವೆದು ಹೋಗಿದೆ. ನಿಮ್ಮ ಸೊಸೆ, ನಮ್ಮ ಪುಟ್ಟಿ, ಅದರ ಫೋಟೋ ತರಿಸಿಕೊಂಡಳು. ಯಾಕೆ ಅಂದರೆ ಹೇಳಲಿಲ್ಲ. ಮೊನ್ನೆ ಫೋನ್ ಮಾಡಿ, "ಅಮ್ಮಾ, ಕಂಪ್ಯೂಟರ್ ಆನ್ ಮಾಡು, ಒಂದು ತೋಳು ತೆಗಿ" ಅಂದಳು. ತೆಗೆದೆ. ನೋಡಿದರೆ ನನ್ನ ರಟ್ಟಿನ ತಿರುವೇ ಪರದೆಯ ಮೇಲೆ! "ಇನ್ನು ಮೇಲೆ ಯಾರು ಈ ಪ್ರೋಗ್ರಾಂನಲ್ಲಿ ತೋಳು ಕತ್ತರಿಸಿದರೂ ನಿನ್ನ ತಿರುವೇ ಬರತ್ತೆ" ಅಂದಳು. ನಾನು ಅಂಗಡಿಯಲ್ಲಿ ಗಿರಾಕಿ ಮುಂದೆಯೇ ಅತ್ತುಬಿಟ್ಟೆ. ಆಕೆ ಪಾಪ, ಗುಂಡಿ ಬದಲಿಸಲು ಬಂದವಳು, ತನ್ನಿಂದಲೇ ಏನೋ ತಪ್ಪಾಯಿತೆಂದು ಹೆದರಿ ಹೋದಳು.

ಈಗ ವಾರವಾರ ತಪ್ಪದೆ ಫೋನ್ ಮಾಡುತ್ತಾಳೆ, ಏನು ಕೆಟ್ಟಿತು ಎಂದು ಕೇಳಲು. ಏನೂ ಕೆಡದಿದ್ದರೆ ನಾನೇ ಏನಾದರೂ ಹುಡುಕಿಡುತ್ತೇನೆ. ಇದನ್ನು ಅವಳಿಗೆ ಹೇಳಬೇಡಿ. ಮದುವೆಯಾದ ಮೇಲೆ ಅವಳ ಬಾಯಲ್ಲಿ "ಅತ್ತೆ ಹೀಗಂದರು, ಅತ್ತೆ ಹಾಗೆ ಮಾಡುತ್ತಾರೆ" ಬಿಟ್ಟು ಬೇರೆ ಕೇಳಿ ಬಹಳ ಕಾಲವಾಗಿತ್ತು.

ನಿಮ್ಮ ತಂಗಿಯಂಥ,
ಬೀಗಿತ್ತಿ


ಹೊಲಿಗೆ ಕಾರ್ಖಾನೆ
ಜನವರಿ ೨೪

ಬೀಗಿತ್ತಿಯವರಿಗೆ,

ಪತ್ರ ತಲುಪಿತು. ತೋಳಿನ ತಿರುವು ನಿಮ್ಮದು ಎಂದು ತಿಳಿದು ಸಂತೋಷವಾಯಿತು.

ನನ್ನ ಕಾರ್ಖಾನೆಯಲ್ಲೂ ಕತ್ತರಿಸುವ ಮೇಜಿನ ಮೇಲುಗಡೆ ಮೊಳೆಗೆ ಒಂದು ರಟ್ಟು ನೇತುಹಾಕಿದೆ. ಈ ಊರಿನ ಆಸ್ಪತ್ರೆಯ ದಾದಿಯರೆಲ್ಲ ತೊಡುವುದು ಅದರ ತೋಳನ್ನೇ. ಕೈ ಎತ್ತಿದರೆ ಅಂಗಿ ಸೊಂಟದಿಂದ ಮೇಲೆ ಬರುವುದಿಲ್ಲ. ಸೊಸೆ ಬಂದಾಗಲೆಲ್ಲ ಅದರ ಕೆಳಗೇ ನಿಂತು ಚಹಾ ಕುಡಿದಿದ್ದಾಳೆ. "ಚೆನ್ನಾಗಿದೆ ಅತ್ತೆ" ಎಂದೂ ಹೇಳಿದ್ದಾಳೆ. ಫೋಟೋ ತೆಗೆಯಲಿಲ್ಲ. ಇರಲಿ, ಹೆತ್ತವಳು ಹೆತ್ತವಳೇ.

ನೀವು ನನ್ನನ್ನು ಅಕ್ಕ ಎನ್ನುತ್ತೀರಿ. ಮದುವೆಗೆ ಮನೆಯವರೆಲ್ಲರ ಜಾತಕ ನೋಡಿದವರು ನಾವು. ಹುಟ್ಟಿದ ತಾರೀಖಿನ ಪ್ರಕಾರ ದೊಡ್ಡವರು ನೀವು.

ವಾರವಾರ ನನಗೆ ಫೋನ್ ಬರುವುದಿಲ್ಲ, ಏಕೆಂದರೆ ನನ್ನ ಕಂಪ್ಯೂಟರಿನಲ್ಲಿ ಏನೂ ಕೆಡುವುದಿಲ್ಲ. ಆದರೆ ನಿಮಗೆ ತಿಳಿಯದ ಒಂದು ಸಂಗತಿ ಇದೆ. ಲೈಸೆನ್ಸಿನ ಪಾಸ್‌ವರ್ಡ್ ನನ್ನ ಹತ್ತಿರವೂ ಇದೆ. ಹೋದ ವರ್ಷ ನನ್ನ ಮಗ ಪರೀಕ್ಷೆಯ ಕಂಪ್ಯೂಟರನ್ನು ಅಳಿಸಿ ಹೊಸದಾಗಿ ಹಾಕಿದ. ಹಾಕುವ ಮೊದಲು ಕಂಪನಿಗೆ ತಿಳಿಸಬೇಕಿತ್ತು, ಮರೆತ. ಕಂಪನಿ ಅದನ್ನೇ ಎರಡು ಕಂಪ್ಯೂಟರು ಎಂದು ಎಣಿಸಿತು. ಗಂಡ ಹೆಂಡತಿಗೆ ಅದೇ ಜಗಳ. ಆಗ ಸೊಸೆ ತಾನಾಗಿ ಬಂದು, "ಅತ್ತೆ, ಇವರನ್ನ ನಂಬಕ್ಕಾಗಲ್ಲ, ಪಾಸ್‌ವರ್ಡ್ ನಿಮ್ಮ ಹತ್ರನೂ ಇರಲಿ, ನೀವೇ ಕಾವಲು" ಎಂದಳು. ಪಾಸ್‌ವರ್ಡ್ ಹಾಕಿ ಕಂಪನಿಯ ಲೈಸೆನ್ಸಿನ ಪುಟ ತೆರೆದರೆ ನಾಲ್ಕು ಕಂಪ್ಯೂಟರಿನ ಹೆಸರೂ ಕಾಣುತ್ತದೆ. ಕತ್ತರಿ, ಸೂಜಿ, ದಾರ, ಟೇಪು. ಹೆಸರಿಟ್ಟವಳು ಅವಳೇ. ಯಾವುದು ಯಾರದು ಎಂದು ಅದರಲ್ಲಿ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಕತ್ತರಿ ಎಂದರೆ ಯಾರು ಎಂದು ನನಗೆ ಗೊತ್ತಾಗುವುದಿಲ್ಲವೇ? ನಿಮ್ಮದು ದಾರ ಇರಬೇಕು.

ಪಾಸ್‌ವರ್ಡ್ ನಿಮಗೆ ಕೊಟ್ಟಿಲ್ಲವೆಂದು ತಿಳಿದೇ ಇದನ್ನು ಬರೆದೆ.

ಇಂತಿ,
ನಿಮ್ಮ ಬೀಗಿತ್ತಿ


ಕೋಟಿನ ಅಂಗಡಿ
ಫೆಬ್ರವರಿ ೧೧

ಅಕ್ಕನವರಿಗೆ,

ಹಾಸ್ಯ ಮಾಡುವ ಮನಸ್ಸಿಲ್ಲ. ಪುಟ್ಟಿ ಇಲ್ಲಿಗೆ ಬಂದಿದ್ದಾಳೆ. ಒಬ್ಬಳೇ, ಒಂದು ಚೀಲ ಹಿಡಿದುಕೊಂಡು. ನಿಮಗೆ ಅಳಿಯಂದಿರು ಹೇಳಿದ್ದಾರೋ ಇಲ್ಲವೋ.

ಆ ದೊಡ್ಡ ಕಂಪನಿಯವರು ಮಾರ್ಚ್ ಐದಕ್ಕೆ ಇವರ ಮನೆಗೆ ಬರುತ್ತಾರೆ. ಪ್ರೋಗ್ರಾಂ ನಡೆಯುವುದನ್ನು ಕಣ್ಣಾರೆ ನೋಡಿ ಒಪ್ಪಿದರೆ ತಮ್ಮ ಸಾಫ್ಟ್‌ವೇರ್ ಜೊತೆ ಇದನ್ನೂ ಲೋಕಕ್ಕೆಲ್ಲ ಮಾರುತ್ತಾರಂತೆ. ಒಪ್ಪದಿದ್ದರೆ ಇಷ್ಟು ವರ್ಷ ಕೂತು ಬರೆದದ್ದು ಅಲ್ಲಿಗೇ ಆಯಿತು. ಬರೆಯುವ ಕಂಪ್ಯೂಟರಿನಲ್ಲಿ ತೋರಿಸಿದರೆ ಅವರು ಒಪ್ಪುವುದಿಲ್ಲ. ಅದರಲ್ಲಿ ಅರ್ಧ ಬರೆದದ್ದು, ಹರಿದದ್ದು ಎಲ್ಲ ಇರುತ್ತದೆ. ಪರೀಕ್ಷೆಗೆಂದೇ ಇಟ್ಟ ಶುದ್ಧವಾದದ್ದು ಬೇಕು. ಅದಕ್ಕಾಗಿ ಮನೆಯ ಹಳೆಯ ಕಂಪ್ಯೂಟರನ್ನು ಸಿದ್ಧಮಾಡಿ ಇಟ್ಟಿದ್ದರು. ಅದರ ಹೆಸರು ದಾರ.

ಮೊನ್ನೆ ತೆರೆದು ನೋಡಿದರೆ ಸಾಫ್ಟ್‌ವೇರ್ ಚಾಲೂ ಆಗಲಿಲ್ಲ. ಲೈಸೆನ್ಸಿನ ಪುಟದಿಂದ ದಾರದ ಹೆಸರನ್ನೇ ಯಾರೋ ತೆಗೆದುಹಾಕಿದ್ದಾರೆ. ಮತ್ತೆ ಸೇರಿಸಲು ಹೋದರೆ ಆಗುವುದಿಲ್ಲ. ಒಮ್ಮೆ ತೆಗೆದ ಜಾಗಕ್ಕೆ ಮೂರು ತಿಂಗಳು ಬೀಗವಂತೆ, ಒಂದು ಲೈಸೆನ್ಸನ್ನು ಊರೆಲ್ಲ ಸುತ್ತಿಸಬಾರದೆಂದು ಕಂಪನಿ ಮಾಡಿದ ಕಟ್ಟು. ಯಾರು ತೆಗೆದರು ಎಂದು ಪುಟ ಹೇಳುವುದಿಲ್ಲ. ಆದರೆ ಪುಟ್ಟಿಗೆ ಅನುಮಾನವೇ ಇಲ್ಲ. "ಹೋದ ವರ್ಷ ಅಳಿಸಿದಿರಿ, ಈ ವರ್ಷ ತೆಗೆದಿರಿ, ನಿಮ್ಮ ಕೈಗೆ ಏನು ಕೊಟ್ಟರೂ ಹೀಗೇ" ಅಂದಳಂತೆ. ಅವರು, "ನಾನು ಮುಟ್ಟಿಲ್ಲ" ಅಂದರಂತೆ. ಇವಳು, "ಮುಟ್ಟಿದ್ದನ್ನೂ ಮರೆಯೋರು ನೀವು" ಅಂದಳಂತೆ. ಮಾತು ಬೆಳೆಯಿತು. ಸುಳ್ಳು ಹೇಳುವ ಗಂಡನ ಜೊತೆ ಕೆಲಸ ಮಾಡಲಾರೆ ಎಂದು ಬಸ್ಸು ಹತ್ತಿದ್ದಾಳೆ.

ಇಲ್ಲಿ ನಿಂತೇ ಊಟ ಮಾಡುತ್ತಾಳೆ. ಗೋಡೆ ನೋಡುತ್ತಾಳೆ. ಅಳಿಯಂದಿರು ಫೋನ್ ಮಾಡಿದರೆ ನನ್ನ ಕೈಗೆ ಕೊಡುತ್ತಾಳೆ, ನಾನೇನು ಮಾತಾಡಲಿ, ಅಲ್ಲಿ ಹವಾ ಹೇಗಿದೆ ಅನ್ನುತ್ತೇನೆ.

ಅಕ್ಕಾ, ತಾಯಿಯ ಮಾತು ಮಗ ಕೇಳುತ್ತಾರೆ. ಮಾಡಿದ್ದರೆ ಮಾಡಿದೆ ಎಂದು ಒಪ್ಪಿಕೊಳ್ಳಲು ಹೇಳಿ. ತಪ್ಪಿಗಿಂತ ಇಲ್ಲ ಅನ್ನುವುದೇ ಅವಳಿಗೆ ಜಾಸ್ತಿ ನೋವಾಗಿರುವುದು.

ನಿಮ್ಮ ಬೀಗಿತ್ತಿ


ಹೊಲಿಗೆ ಕಾರ್ಖಾನೆ
ಫೆಬ್ರವರಿ ೧೬

ಬೀಗಿತ್ತಿಯವರಿಗೆ,

ಪತ್ರ ಓದಿದೆ. ಮಗನಿಗೆ ಫೋನ್ ಮಾಡಿದೆ. ಅವನು ಮುಟ್ಟಿಲ್ಲ ಎನ್ನುತ್ತಾನೆ. ನನ್ನ ಮಗ ಮರೆಗುಳಿ, ಅಶಿಸ್ತಿನವನು, ಸಾಕ್ಸಿನ ಜೋಡಿ ಹುಡುಕಲು ಬಾರದವನು. ಆದರೆ ಸುಳ್ಳು ಹೇಳುವವನಲ್ಲ. ಅವನಿಗೆ ಒಪ್ಪಿಕೊಳ್ಳಲು ನಾನು ಹೇಳುವುದಿಲ್ಲ.

ಕಂಪ್ಯೂಟರುಗಳಲ್ಲಿ ಕೆಲವೊಮ್ಮೆ ತಾನಾಗಿಯೇ ಹೀಗೆ ಆಗುವುದುಂಟಂತೆ. ಯಾರೋ ಹೇಳಿದ್ದು.

ಸೊಸೆ ನಿಮ್ಮ ಮನೆಗೆ ಬಂದದ್ದು ಸರಿಯಲ್ಲ. ನನ್ನ ಮನೆ ಹತ್ತಿರವಿತ್ತು. ನೇರ ಬಸ್ಸು ಇದೆ. ಇಲ್ಲಿ ಅವಳಿಗೆಂದೇ ಕಿಟಕಿ ಇರುವ ಕೋಣೆ ಇದೆ, ಮಂಚಕ್ಕೆ ಹೊಸ ಹಾಸು ಹೊಲಿದು ಹಾಕಿದ್ದೇನೆ. ಗಂಡನ ಮೇಲೆ ದೂರು ಹೇಳಲು ಅತ್ತೆಗಿಂತ ಒಳ್ಳೆಯ ಜಾಗ ಯಾವುದು? ಅರ್ಧ ದೂರು ನಾನೇ ಹೇಳಿಕೊಡುತ್ತಿದ್ದೆ. ನಿಂತು ಊಟ ಮಾಡಲು ಬಿಡಬೇಡಿ. ಎದುರಿಗೆ ಕುರ್ಚಿ ಎಳೆದು ನೀವು ಮೊದಲು ಕೂತರೆ ಅವಳೂ ಕೂರುತ್ತಾಳೆ. ಇಷ್ಟೂ ಗೊತ್ತಿಲ್ಲವೇ ನಿಮಗೆ?

ಮಾರ್ಚ್ ಐದರ ಬಗ್ಗೆ ಯೋಚನೆ ಬೇಡವೆಂದು ಹೇಳಿ. ದಾರ ಹೋದರೆ ನನ್ನ ಕಂಪ್ಯೂಟರು ಇದೆ. ಅದರ ಲೈಸೆನ್ಸ್ ಚಾಲೂ ಇದೆ, ಅದೂ ಪರೀಕ್ಷೆಯದೇ, ಶುದ್ಧವಾಗಿದೆ. ಅದನ್ನೇ ಹತ್ತಿಯಲ್ಲಿ ಸುತ್ತಿ ಮಗನ ಮನೆಗೆ ಕಳಿಸುತ್ತೇನೆ. ಅದಕ್ಕೆಂದು ಒಂದು ಚೀಲ ಹೊಲಿಯಲು ಶುರುಮಾಡಿದ್ದೇನೆ, ಎರಡು ಪದರ, ಅಂಚಿಗೆ ಪಟ್ಟಿ.

ಅವಳು ನನ್ನ ಬಗ್ಗೆ ಏನಾದರೂ ಕೇಳಿದಳೇ?

ಇಂತಿ,
ನಿಮ್ಮ ಬೀಗಿತ್ತಿ


ಕೋಟಿನ ಅಂಗಡಿ
ಫೆಬ್ರವರಿ ೨೪

ಅಕ್ಕಾ,

ಎಲ್ಲ ಸರಿಹೋಯಿತು. ಅಳಿಯಂದಿರು ಬಂದು ಪುಟ್ಟಿಯನ್ನು ಕರೆದುಕೊಂಡು ಹೋದರು. ಹೋಗುವಾಗ ಇಬ್ಬರೂ ನಗುತ್ತಿದ್ದರು, ಬಸ್ಸಿನ ಕಿಟಕಿಯಿಂದ ಅವರೇ ನನಗೆ ಕೈ ಬೀಸಿದರು.

ಹೇಗೆ ಅಂದರೆ, ನಾನು ಪುಟ್ಟಿಯನ್ನು ಕೂರಿಸಿಕೊಂಡು (ನೀವು ಹೇಳಿದ ಹಾಗೆ ಕುರ್ಚಿ ಎಳೆದು ಮೊದಲು ನಾನೇ ಕೂತೆ, ಅವಳೂ ಕೂತಳು) "ದಾರದ ಹೆಸರು ತೆಗೆದಿದ್ದು ನಾನು" ಅಂದುಬಿಟ್ಟೆ. ಜನವರಿಯಲ್ಲಿ ಅವಳು ಅಲ್ಲಿಂದಲೇ ನನ್ನ ಕಂಪ್ಯೂಟರಿಗೆ ಲೈಸೆನ್ಸ್ ಹಾಕಿದಾಗ ಆ ಪುಟ ತೆರೆದೇ ಉಳಿದಿತ್ತು, ಏನೋ ಒತ್ತಿದೆ, ಏನೋ ಹೋಯಿತು, ಹೆದರಿ ಹೇಳಲಿಲ್ಲ ಅಂದೆ. ನಂಬಿದಳು. ನಾನು ಏನು ಒತ್ತಿದರೂ ಏನಾದರೂ ಹೋಗುತ್ತದೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಅಯ್ಯೋ ಅಮ್ಮಾ, ಇಷ್ಟಕ್ಕೆ ಇಷ್ಟು ದಿನ ಒಬ್ಬಳೇ ಹೆದರಿಕೊಂಡು ಕೂತಿದ್ಯಾ" ಎಂದು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ನನ್ನ ಮಂಡಿಗೆ ಎಣ್ಣೆ ತಿಕ್ಕಿದಳು. ಮದುವೆಯಾದಾಗಿನಿಂದ ಇಂಥ ಸಂಜೆ ನನಗೆ ಸಿಕ್ಕಿರಲಿಲ್ಲ. ಆಮೇಲೆ ಗಂಡನಿಗೆ ತಾನೇ ಫೋನ್ ಮಾಡಿ, ತಪ್ಪಾಯಿತು ಅಂದಳು.

ತೋರಿಸುವ ದಿನಕ್ಕೆ ನನ್ನ ಕಂಪ್ಯೂಟರನ್ನೇ ತೆಗೆದುಕೊಂಡು ಹೋದರು. ನೀವು ತೊಂದರೆ ತೆಗೆದುಕೊಳ್ಳಬೇಡಿ. ಆ ಚೀಲಕ್ಕೆ ಬೇರೆ ಏನಾದರೂ ಹಾಕಿಕೊಳ್ಳಿ.

ಇನ್ನೊಂದು ಮಾತು, ಇದೊಂದೇ ಸಲ ಹೇಳುತ್ತೇನೆ. ನನ್ನ ಕಂಪ್ಯೂಟರಿನ ಹೆಸರು ದಾರ ಅಲ್ಲ. ಕತ್ತರಿ. ಎಲ್ಲರ ಮಾತನ್ನೂ ಮಧ್ಯದಲ್ಲಿ ಕತ್ತರಿಸುತ್ತೇನೆಂದು ಪುಟ್ಟಿ ಹಾಗೆ ಇಟ್ಟಳಂತೆ. ಜನವರಿಯಲ್ಲಿ ನಿಮ್ಮ ಪತ್ರದಲ್ಲಿ "ನಿಮ್ಮದು ದಾರ ಇರಬೇಕು" ಎಂದು ಓದಿ ನಕ್ಕಿದ್ದೆ. ದಾರ ಹೋಯಿತು ಎಂದು ಪುಟ್ಟಿ ಹೇಳಿದಾಗ ಹೊಳೆಯಲಿಲ್ಲ. ನೀವು "ತಾನಾಗಿಯೇ ಆಗುವುದುಂಟು" ಎಂದು ಬರೆದಿರಲ್ಲ, ಆಗ ಹೊಳೆಯಿತು. ನೀವು ಯಾವತ್ತೂ ಯಾವುದಕ್ಕೂ ತಾನಾಗಿ ಆಗಲು ಬಿಟ್ಟವರಲ್ಲ.

ಇದಕ್ಕೆ ಉತ್ತರ ಬರೆಯಬೇಡಿ ಅಕ್ಕಾ. ಮುಗಿಯಿತು. ಮಕ್ಕಳು ಚೆನ್ನಾಗಿದ್ದಾರೆ. ನಾನು ಬಾಯಿಗೆ ಬೀಗ ಹಾಕಿದ್ದೇನೆ.

ನಿಮ್ಮ ತಂಗಿ


ಹೊಲಿಗೆ ಕಾರ್ಖಾನೆ
ಮಾರ್ಚ್ ೧

ಬೀಗಿತ್ತಿಯವರಿಗೆ,

ಉತ್ತರ ಬರೆಯಬೇಡಿ ಎಂದಿದ್ದೀರಿ. ನನಗೆ ಹಾಗೆ ಹೇಳಲು ನೀವು ಯಾರು?

ಹೌದು, ತೆಗೆದವಳು ನಾನು. ನಿಮ್ಮ ತೋಳಿನ ತಿರುವಿನ ಪತ್ರ ಬಂದ ದಿನ ನಾನು ಊಟ ಮಾಡಲಿಲ್ಲ. ಕೆಲಸದವರೆಲ್ಲ ಹೋದ ಮೇಲೆ ನನ್ನ ರಟ್ಟನ್ನು ಮೊಳೆಯಿಂದ ಇಳಿಸಿ ನೋಡಿದೆ. ಅದರಲ್ಲಿ ಏನು ಕಮ್ಮಿ ಇದೆ ಎಂದು ಹುಡುಕಿದೆ. ಏನೂ ಕಮ್ಮಿ ಇರಲಿಲ್ಲ. ಅದೇ ಸಹಿಸಲಾಗಲಿಲ್ಲ. ನಿಮಗೆ ಆ ಪತ್ರಕ್ಕೆ ಉತ್ತರ ಬರೆದು ಅಂಚೆಗೆ ಹಾಕಿ ಬಂದು, ಪುಟ ತೆರೆದು, ದಾರದ ಹೆಸರಿನ ಮುಂದಿದ್ದ "ತೆಗೆಯಿರಿ" ಎಂಬುದನ್ನು ಒತ್ತಿದೆ. ನಿಮ್ಮ ಕಂಪ್ಯೂಟರಿನಲ್ಲಿ ಅದು ನಿಲ್ಲಲಿ, ವಾರವಾರದ ಫೋನು ನಿಲ್ಲಲಿ ಎಂದು. ಜಾಗಕ್ಕೆ ಬೀಗ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಒತ್ತುತ್ತಿದ್ದೆನೋ ಏನೋ, ಆ ಹೊತ್ತಿನಲ್ಲಿ ನನಗೆ ಕಣ್ಣೇ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಯಾರ ಮೇಲೂ ಹೊಟ್ಟೆಕಿಚ್ಚು ಪಡದವಳು ಎಂದು ನನ್ನ ಬಗ್ಗೆ ನನಗೆ ಹೆಮ್ಮೆ ಇತ್ತು. ಪಡಲು ತಕ್ಕವರು ಎದುರಿಗೆ ಬಂದಿರಲಿಲ್ಲ, ಅಷ್ಟೇ ಎಂದು ಈಗ ತಿಳಿಯಿತು.

ನಾನು ಹೇಳಬೇಕೆಂದೇ ಇದ್ದೆ. ಚೀಲ ಹೊಲಿದು ಮುಗಿಸಿದ ಮೇಲೆ ಕಂಪ್ಯೂಟರಿನ ಜೊತೆ ಹೋಗಿ ಹೇಳುವುದು ಎಂದು ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ನೀವು ಮುಗಿಸಿಬಿಟ್ಟಿರಿ.

ನನ್ನ ಮೇಲೆ ದಯೆ ತೋರಿಸಿದೆನೆಂದು ನೀವು ತಿಳಿದಿದ್ದೀರಿ. ಏನು ಮಾಡಿದ್ದೀರಿ ಗೊತ್ತೇ? ತಿರುವು ನಿಮ್ಮದು. ವಾರವಾರದ ಫೋನು ನಿಮ್ಮದು. ಕತ್ತರಿಯೂ ನಿಮ್ಮದು. ಕಂಪನಿಯವರ ಮುಂದೆ ಇಡುವ ಕಂಪ್ಯೂಟರೂ ನಿಮ್ಮದೇ ಆಯಿತು. ನನ್ನ ಪಾಲಿಗೆ ಉಳಿದಿದ್ದು ಒಂದು ತಪ್ಪು. ಅದನ್ನೂ ನೀವೇ ಎತ್ತಿಕೊಂಡು ಹೋದಿರಿ. ಅದರ ಮೇಲೆ ಅವಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡಿರಿ. ಆ ಕ್ಷಮೆ ನನಗೆ ಬರಬೇಕಾದದ್ದು. ಬಾರದಿದ್ದರೆ ಬೈಗಳು ಬರಬೇಕಾದದ್ದು. ಅದೂ ನನ್ನದೇ.

ನನ್ನ ತಪ್ಪನ್ನು ನನಗೆ ಹಿಂದಕ್ಕೆ ಕೊಡಿ. ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ನಾನು ಹೇಗೆ ಉಡುವುದಿಲ್ಲವೋ ಹಾಗೆಯೇ ನನ್ನದನ್ನು ಇನ್ನೊಬ್ಬರು ಉಡಲು ಬಿಡುವುದೂ ಇಲ್ಲ.

ಚೀಲ ಮುಗಿದಿದೆ. ಈ ಪತ್ರವನ್ನು ಅಂಚೆಗೆ ಹಾಕಿ ಹಾಗೇ ಬಸ್ಸು ಹತ್ತುತ್ತೇನೆ. ಕಂಪ್ಯೂಟರು ನನ್ನ ಮಡಿಲಲ್ಲೇ ಬರುತ್ತದೆ.

ಇಂತಿ,
ನಿಮ್ಮ ಬೀಗಿತ್ತಿ


ಮಗನ ಮನೆ
ಮಾರ್ಚ್ ೮

ಬೀಗಿತ್ತಿಯವರಿಗೆ ನಮಸ್ಕಾರಗಳು.

ಕಂಪನಿಯವರು ಬಂದು ಹೋದರು. ಒಪ್ಪಿದರು. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನೀವು ಪತ್ರವನ್ನು ಕೆಳಗಿನಿಂದ ಓದಲು ಹೋಗುವವರು ಎಂದು ಸೊಸೆ ಹೇಳಿದಳು.

ನಡೆದದ್ದು ಹೀಗೆ. ಬಂದ ದಿನ ಮಗ ಬಾಗಿಲು ತೆರೆದ. "ಅಮ್ಮ, ಇದೇನು ಇಷ್ಟು ದೊಡ್ಡ ಗಂಟು" ಎಂದ. ಗಂಟು ಹಿಡಿದುಕೊಂಡೇ ಒಳಗೆ ಹೋದೆ. ಒಂದೇ ಕೋಣೆಯಲ್ಲಿ ಮೇಜು, ವೈರು, ಒಗೆದ ಬಟ್ಟೆ ಎಲ್ಲ ಒಟ್ಟಿಗೆ. ಸೊಸೆ ನಿಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಳು. ನಿಂತೇ ಹೇಳಿದೆ. ದಾರ ತೆಗೆದವಳು ನಾನು, ನಿಮ್ಮಮ್ಮ ಹೇಳಿದ್ದು ಸುಳ್ಳು, ನಿನ್ನ ಗಂಡ ಹೇಳಿದ್ದು ನಿಜ, ಕಾರಣ ಹೊಟ್ಟೆಕಿಚ್ಚು ಎಂದೆ.

ನಿಮ್ಮನ್ನು ಕ್ಷಮಿಸಿದ ಹಾಗೆ ನನ್ನನ್ನು ಕ್ಷಮಿಸುತ್ತಾಳೆ ಎಂದು ಒಳಗೊಳಗೇ ಕಾದೆ. ಅವಳು ಎದ್ದು ನಿಂತಳು. ಮುಖ ಕೆಂಪಾಯಿತು. ಇಷ್ಟು ವರ್ಷ ನನ್ನ ಎದುರು ದನಿ ಎತ್ತದವಳು ಪಕ್ಕದ ಮನೆಯವರಿಗೂ ಕೇಳುವಂತೆ ಶುರುಮಾಡಿದಳು. "ಕಾವಲಿರಿ ಅಂತ ಕೊಟ್ಟರೆ ನೀವೇ ಕನ್ನ ಹಾಕಿದ್ರಾ? ನಾನು ಇವರನ್ನ ಸುಳ್ಳುಗಾರ ಅಂದೆ. ಅಲ್ಲಿ ಅಮ್ಮ ತನ್ನ ತಲೆ ಮೇಲೆ ಹಾಕ್ಕೊಂಡಳು. ಇಷ್ಟೆಲ್ಲ ಆಗೋವರೆಗೂ ನೀವು ಚೀಲ ಹೊಲೀತಾ ಕೂತಿದ್ರಾ? ಆ ರಟ್ಟು ಹಾಕಬೇಕು ಅಂತ ಆಸೆ ಇದ್ರೆ, 'ನನ್ನದೂ ಹಾಕೇ' ಅಂತ ಒಂದು ಮಾತು ಹೇಳೋಕೆ ಬಾಯಿ ನೋಯ್ತಿತ್ತಾ ನಿನಗೆ?" ಎಂದಳು.

ಮಗ, "ಏಯ್, ಅಮ್ಮನಿಗೆ..." ಎಂದು ಬಾಯಿ ತೆರೆದ. "ನೀನು ಸುಮ್ಮನಿರು" ಎಂದು ನಾನು, "ನೀವು ಸುಮ್ಮನಿರಿ" ಎಂದು ಅವಳು, ಇಬ್ಬರೂ ಒಟ್ಟಿಗೆ ಅಂದೆವು.

ನನ್ನ ಕಂಪ್ಯೂಟರು ಬೇಡ ಎಂದಳು. ಚೀಲದಿಂದ ತೆಗೆಯಲೂ ಬಿಡಲಿಲ್ಲ. ಕಂಪನಿಯವರು ಬಂದಾಗ ನಾನು ಅಡುಗೆಮನೆಯಲ್ಲಿ ಆ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಬಾಗಿಲ ಸಂದಿಯಿಂದ ಕಂಡಿತು. ನಿಮ್ಮ ಕಂಪ್ಯೂಟರಿನ ಪರದೆಯಲ್ಲಿ ನಿಮ್ಮ ತೋಳು ಬಂತು. ಬಂದವರಲ್ಲಿ ಒಬ್ಬಾಕೆ ಅದನ್ನು ಬೆರಳಿನಲ್ಲಿ ಹಾಗೇ ಸವರಿ, "ಇದನ್ನ ಯಾರು ಬರೆದದ್ದು?" ಎಂದು ಕೇಳಿದಳು. "ನಮ್ಮಮ್ಮ" ಎಂದಳು ಸೊಸೆ. ತೋಳು ಚೆನ್ನಾಗಿ ಕೂತಿತ್ತು. ಈ ವಾಕ್ಯ ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ.

ಅವರು ಹೋದ ಮೇಲೂ ಅವಳು ಮುಖ ಊದಿಸಿಕೊಂಡೇ ಇದ್ದಳು. ತಟ್ಟೆ ಇಡುವಾಗ ಸದ್ದು ಮಾಡಿದಳು. ನಾನು ಬಟ್ಟೆ ಮಡಚಿದರೆ ಬಿಚ್ಚಿ ಮತ್ತೆ ಮಡಚಿದಳು. ಇವತ್ತು ಬೆಳಿಗ್ಗೆ ನಾನು ಹೊರಡುತ್ತೇನೆ ಎಂದಾಗ, "ಹೋಗಿ, ಯಾರು ಹಿಡ್ಕೊಂಡಿದಾರೆ" ಎಂದು ನನ್ನ ಚಪ್ಪಲಿಯನ್ನು ಬಚ್ಚಿಟ್ಟಳು. ಇನ್ನೂ ಸಿಕ್ಕಿಲ್ಲ. ಆದ್ದರಿಂದ ಇಲ್ಲಿಂದಲೇ ಬರೆಯುತ್ತಿದ್ದೇನೆ.

ನೀವು ಯೋಚಿಸಿ ನೋಡಿ. ನಿಮಗೆ ಸಿಕ್ಕಿದ್ದು ಒಂದು ಸಂಜೆಯ ಕ್ಷಮೆ, ಅದೂ ನೀವು ಮಾಡದ ತಪ್ಪಿಗೆ. ನನ್ನ ಮೇಲೆ ಅವಳು, ನಾನು ಇಲ್ಲಿಗೆ ಬಂದ ದಿನದಿಂದ ಇಂದಿನವರೆಗೆ ಬಿಡದೆ ಮುನಿದಿದ್ದಾಳೆ. ಮದುವೆಯಾದಾಗಿನಿಂದ ನನ್ನೊಂದಿಗೆ ಅವಳದು ಬರೀ ನಯ, ಬರೀ "ಚೆನ್ನಾಗಿದೆ ಅತ್ತೆ". ಅವಳು ಹೀಗೆ ಬೈಯುವುದು ನಿಮ್ಮೊಬ್ಬರಿಗೇ ಎಂದು ನೀವೇ ಹಿಂದೆ ಜಂಬದಿಂದ ಹೇಳಿದ್ದಿರಿ. ಇನ್ನು ಹಾಗೆ ಹೇಳಿಕೊಳ್ಳಬೇಡಿ.

ನನ್ನ ಕಂಪ್ಯೂಟರಿನ ಹೆಸರು ಸೂಜಿ. ಏಕೆ ಎಂದು ಕೇಳಿದೆ. "ಚುಚ್ಚೋದು ಯಾರು ಮತ್ತೆ" ಎಂದಳು. ಲೈಸೆನ್ಸಿನ ಪುಟದಲ್ಲಿ ಅದರ ಜಾಗ ಹಾಗೇ ಉಳಿದಿದೆ. ನಿನ್ನೆ ಅವಳು ಚೀಲದ ಬಾಯಿ ಬಿಚ್ಚಿ, ಪಟ್ಟಿ ಹಾಕಿದ ಅಂಚನ್ನು ನೋಡುತ್ತಿದ್ದಳು, ನಾನು ಬಂದೊಡನೆ ಮುಚ್ಚಿದಳು. ಜೊತೆಗೆ ನನ್ನ ರಟ್ಟನ್ನೂ ಅದರಲ್ಲಿ ಹಾಕಿಕೊಂಡು ಬಂದಿದ್ದೆ. ಬಾಯಿಬಿಟ್ಟು ಇನ್ನೂ ಕೇಳಿಲ್ಲ. ಚಪ್ಪಲಿ ಸಿಗುವುದರೊಳಗೆ ಕೇಳುತ್ತೇನೆ.

ಕೊನೆಯದಾಗಿ ಒಂದು ವಿಷಯ. ಲೈಸೆನ್ಸಿನ ಪಾಸ್‌ವರ್ಡನ್ನು ಅವಳು ಬದಲಿಸಿದ್ದಾಳೆ. ನನಗೆ ಕೊಟ್ಟಿಲ್ಲ, ಅದು ನ್ಯಾಯ. ಹೊಸದನ್ನು ನಿಮಗೆ ಕೊಟ್ಟಿದ್ದಾಳೆಯೇ? ಕೊಟ್ಟಿದ್ದರೆ ನನಗೆ ತಿಳಿಸಬೇಡಿ. ಕೊಟ್ಟಿಲ್ಲದಿದ್ದರೆ ಮಾತ್ರ ಕೂಡಲೇ ಬರೆಯಿರಿ.

ಇಂತಿ,
ನಿಮಗಿಂತ ಚಿಕ್ಕವಳಾದ,
ನಿಮ್ಮ ಬೀಗಿತ್ತಿ